ಬಾಸೆಲಿನಿಂದ ಹೊರಟ ಯುವಕ

ಮಂಗಸೂಳಿಯ ಖಂಡೋಬನ ಗುಡಿಯಲ್ಲಿ ಭಕ್ತರು ಒಂದೇ ದೇವರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೂಗುವಾಗ ನನಗೆ ಫರ್ಡಿನಾಂಡ್ ಕಿಟೆಲ್ ನೆನಪಾಗುತ್ತಾರೆ. ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ 1832ರಲ್ಲಿ ಹುಟ್ಟಿದ ಅವರು 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದಾಗ ಹದಿನೆಂಟರ ಹುಡುಗ. ಕಾಣದ ನಾಡಿಗೆ ದೇವವಾಕ್ಯ ಒಯ್ಯಲು ಮೂರು ವರ್ಷಗಳ ಸಿದ್ಧತೆ. ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳನ್ನು ಶಾಲೆಯಲ್ಲಿಯೇ ಕಲಿತಿದ್ದ ಆ ತರುಣನಿಗೆ ಧರ್ಮಗ್ರಂಥವನ್ನು ಮೂಲನುಡಿಯಲ್ಲಿ ಓದುವುದೂ ಶ್ರದ್ಧೆಯ ಭಾಗವಾಗಿದ್ದಿರಬೇಕು ಎಂಬುದು ನನ್ನ ಊಹೆ. 1853ರಲ್ಲಿ ಇಲ್ಲಿಗೆ ಬಂದ ಮೇಲೆ ಅದೇ ಶ್ರದ್ಧೆ ಕನ್ನಡದತ್ತ ಹೊರಳಿತು. ನುಡಿಯ ಬೆನ್ನು ಹತ್ತಿದ ಈ ಪಾದ್ರಿ ಮಿಷನ್ನಿನ ಕೆಲವರಿಗೆ ಹಿಡಿಸಲಿಲ್ಲ. ಮತಪ್ರಚಾರದ ಲೆಕ್ಕದಲ್ಲಿ ಅವರು ಸೋತವರೇ ಇರಬಹುದು. ಆದರೂ ಗಡಿಯ ಈ ಊರಿನಲ್ಲಿ ಶಬ್ದವೊಂದು ನಮ್ಮದೋ ಅವರದೋ ಎಂಬ ತಕರಾರು ಎದ್ದಾಗ, ನಾನು ಮೊದಲು ತೆರೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟನ್ನೇ.