ಓದುಗರ ವಿಳಾಸ ಅಚ್ಚು ಹಾಕಿಸಿದ ಹ್ಯೂಗೊ ಗರ್ನ್ಸ್‌ಬ್ಯಾಕ್

ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನದ ಬಗ್ಗೆ ಬರೆದುಕೊಡು ಎಂದು ನಮ್ಮ ಮೇಷ್ಟ್ರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹೈಸ್ಕೂಲಿನ ಪುಸ್ತಕದ ಬೀರು. ಅದರಲ್ಲಿದ್ದ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳನ್ನು ಓದಿ, ಗ್ರಹ, ರಾಕೆಟ್ಟು ಅಂತ ಯೋಚಿಸುತ್ತ ನಾಲೆ ಏರಿಯ ಮೇಲೆ ಮನೆಗೆ ನಡೆದು ಹೋಗುತ್ತಿದ್ದೆ. ಅದನ್ನೆಲ್ಲ ಮಾತಾಡಲು ಜೊತೆಗಾರರು ಇರಲಿಲ್ಲ. ಹುಲ್ಲಹಳ್ಳಿಯಲ್ಲಿ ಈ ಹುಚ್ಚು ನನ್ನೊಬ್ಬನಿಗೇ ಅಂದುಕೊಂಡಿದ್ದೆ. ಮುಂದೆ ಬಿ.ಇ. ಓದುವಾಗ ಹ್ಯೂಗೊ ಗರ್ನ್ಸ್‌ಬ್ಯಾಕ್ ಅವರ ವಿಚಾರ ತಿಳಿಯಿತು. ನನ್ನ ಹಾಗೆ ಒಂಟಿಯಾಗಿ ಓದುತ್ತಿದ್ದ ಎಷ್ಟೋ ಹುಡುಗರು ಒಬ್ಬರಿಗೊಬ್ಬರು ಸಿಗಲು ಕಾರಣರಾದವರು ಅವರು.

ಹ್ಯೂಗೊ ಹುಟ್ಟಿದ್ದು 1884ರ ಆಗಸ್ಟ್ 16ರಂದು, ಯುರೋಪಿನ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಲ್ಲಿ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಮಗನಿಗೆ ಚಿಕ್ಕಂದಿನಿಂದಲೂ ಬ್ಯಾಟರಿ, ವಿದ್ಯುತ್ ಗಂಟೆಗಳ ಮೇಲೆ ಆಸೆ. ತಾನೇ ಮಾಡಿದ ಬ್ಯಾಟರಿಯನ್ನು ಮಾರಬೇಕೆಂದು 1904ರಲ್ಲಿ ಅಮೆರಿಕಕ್ಕೆ ಹೋದರು. ಆ ವ್ಯಾಪಾರ ಕೈಹಿಡಿಯಲಿಲ್ಲ. ಆಮೇಲೆ ನ್ಯೂಯಾರ್ಕಿನಲ್ಲಿ ರೇಡಿಯೋ ಬಿಡಿಭಾಗಗಳನ್ನು ತರಿಸಿ ಅಂಚೆಯ ಮೂಲಕ ಮಾರತೊಡಗಿದರು. ತಂತಿಯೇ ಇಲ್ಲದೆ ದೂರದ ಗಂಟೆ ಬಾರಿಸುವ ‘ಟೆಲಿಮ್ಕೊ’ ಎಂಬ ಸಲಕರಣೆಯನ್ನು ಮನೆಮಂದಿಯೂ ಕೊಳ್ಳುವಂಥ ಬೆಲೆಗೆ ಕೊಟ್ಟರು.

ಸಾಮಾನು ಮಾರಿದರೆ ಸಾಲದು, ಅದರ ತಿಳಿವಳಿಕೆಯನ್ನೂ ಕೊಡಬೇಕೆಂದು 1908ರಲ್ಲಿ ‘ಮಾಡರ್ನ್ ಎಲೆಕ್ಟ್ರಿಕ್ಸ್’ ಪತ್ರಿಕೆ ಆರಂಭಿಸಿದರು. ಮರುವರ್ಷ ಹವ್ಯಾಸಿ ರೇಡಿಯೋ ಹುಡುಗರಿಗಾಗಿ ಒಂದು ಸಂಘ ಕಟ್ಟಿದರು. 1911ರಲ್ಲಿ ಅದೇ ಪತ್ರಿಕೆಯಲ್ಲಿ, ಮುಂದಿನ ಕಾಲದ ಯಂತ್ರಗಳ ಬಗ್ಗೆ ತಾವೇ ಒಂದು ಧಾರಾವಾಹಿ ಬರೆದರು. ಕಥೆಯಾಗಿ ಅದು ಅಷ್ಟೇನೂ ಚೆನ್ನಾಗಿಲ್ಲ. ಆದರೆ ಆಗಿನ್ನೂ ಯಾರೂ ಕಾಣದಿದ್ದ ರೇಡಾರಿನಂಥ ಸಾಧನದ ಕಲ್ಪನೆ ಅದರಲ್ಲಿದೆ.

1926ರ ಏಪ್ರಿಲ್‌ನಲ್ಲಿ ಬರೀ ವಿಜ್ಞಾನ ಕಥೆಗಳಿಗೆಂದೇ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆ ತಂದರು. ನಮ್ಮಲ್ಲಿ ಅದಕ್ಕೂ ಮೊದಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದ್ದರು. ಪಾಪ, ಅದು ಬಹಳ ಕಾಲ ಬಾಳಲಿಲ್ಲ. ಗರ್ನ್ಸ್‌ಬ್ಯಾಕರ ಪತ್ರಿಕೆ ನಿಂತಿತು. ಅದರಲ್ಲಿ ಓದುಗರ ಪತ್ರಗಳಿಗೆ ಜಾಗವಿತ್ತು. ಪತ್ರದ ಕೆಳಗೆ ಬರೆದವರ ಹೆಸರಿನ ಜೊತೆ ಪೂರ್ತಿ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಓದುಗರು ಅದನ್ನು ನೋಡಿ ನೇರವಾಗಿ ಒಬ್ಬರಿಗೊಬ್ಬರು ಕಾಗದ ಬರೆಯತೊಡಗಿದರು. ಒಂದೇ ಊರಿನವರು ಕೂಡಿ ಮಾತಾಡತೊಡಗಿದರು.

1929ರಲ್ಲಿ ಅವರ ಕಂಪನಿ ದಿವಾಳಿಯಾಗಿ ಆ ಪತ್ರಿಕೆ ಕೈತಪ್ಪಿತು. ಅದೇ ವರ್ಷ ಬೇರೆ ಪತ್ರಿಕೆ ಶುರು ಮಾಡಿದರು. 1934ರಲ್ಲಿ ಅದರ ಮೂಲಕ ‘ಸೈನ್ಸ್ ಫಿಕ್ಷನ್ ಲೀಗ್’ ಎಂಬ ಓದುಗರ ಸಂಘ ಸ್ಥಾಪಿಸಿದರು. ಊರೂರಲ್ಲಿ ಅದರ ಶಾಖೆಗಳಾದವು. ಇಂಗ್ಲೆಂಡಿನ ಲೀಡ್ಸ್ ಶಾಖೆಯ ಹುಡುಗರು 1937ರ ಜನವರಿ 3ರಂದು ಒಂದು ಸಮ್ಮೇಳನ ಕರೆದರು. ಬಂದವರು ಹೆಚ್ಚೆಂದರೆ 20 ಮಂದಿ. ಆ ಪೈಕಿ ಒಬ್ಬ ತರುಣ ಆರ್ಥರ್ ಸಿ. ಕ್ಲಾರ್ಕ್. ಮುಂದೆ ಜಗತ್ಪ್ರಸಿದ್ಧ ಲೇಖಕರಾಗಿ ಶ್ರೀಲಂಕಾದಲ್ಲಿ ನೆಲೆಸಿದವರು ಇವರೇ. ಅದಕ್ಕೂ ಮೊದಲು, 1936ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನ ಕೆಲವು ಹುಡುಗರು ಫಿಲಡೆಲ್ಫಿಯಾದ ಗೆಳೆಯರನ್ನು ನೋಡಲು ಹೋಗಿದ್ದರು. ಮೊದಲ ಸಮ್ಮೇಳನ ಯಾವುದು ಎಂಬ ಜಗಳ ಇನ್ನೂ ಮುಗಿದಿಲ್ಲ.

1939ರ ಜುಲೈ 2ರಿಂದ 4ರವರೆಗೆ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಸುಮಾರು 200 ಜನ ಸೇರಿದ್ದರು. ರೇ ಬ್ರಾಡ್‌ಬರಿ ಎಂಬ 18ರ ಹುಡುಗ ಗೆಳೆಯನ ಹತ್ತಿರ ಸಾಲ ಮಾಡಿ ಲಾಸ್ ಏಂಜಲೀಸಿನಿಂದ ಬಸ್ಸಿನಲ್ಲಿ ಬಂದಿದ್ದ. ಐಸಾಕ್ ಅಸಿಮೋವ್ ಕೂಡ ಬಂದಿದ್ದರು. ಗೌರವ ಅತಿಥಿ ಫ್ರಾಂಕ್ ಆರ್. ಪಾಲ್. ಗರ್ನ್ಸ್‌ಬ್ಯಾಕರ ಪತ್ರಿಕೆಗಳಿಗೆ ಮುಖಪುಟ ಬರೆದು ಹೆಸರಾದ ಚಿತ್ರಕಾರರು ಅವರು. ಆದರೆ ಆ ಮೊದಲ ಸಮ್ಮೇಳನದಲ್ಲೇ ಎರಡು ಗುಂಪಾಗಿ, ಕೆಲವು ಹುಡುಗರನ್ನು ಒಳಕ್ಕೆ ಬಿಡಲಿಲ್ಲ. ನಮ್ಮ ಊರ ಸಂಘಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ದೊಡ್ಡವರ ಬಗ್ಗೆ ಬರೆಯುವಾಗ ತಪ್ಪನ್ನು ಮುಚ್ಚಿಡಬಾರದು. ಗರ್ನ್ಸ್‌ಬ್ಯಾಕ್ ಕಥೆ ಬರೆದವರಿಗೆ ಸರಿಯಾಗಿ ಹಣ ಕೊಡುತ್ತಿರಲಿಲ್ಲ. ಡೊನಾಲ್ಡ್ ವೊಲ್‌ಹೈಮ್ ಎಂಬ ತರುಣ ತನ್ನ ಕಥೆಗೆ ಬರಬೇಕಾದ 10 ಡಾಲರಿಗಾಗಿ ಬೇರೆ ಲೇಖಕರನ್ನೂ ಕೂಡಿಕೊಂಡು ಹೋರಾಡಿ ಬಾಕಿ ವಸೂಲು ಮಾಡಬೇಕಾಯಿತು. ಆಮೇಲೆ ಆತನನ್ನು ಲೀಗಿನಿಂದಲೇ ಹೊರಹಾಕಿದರು. 1939ರಲ್ಲಿ ಬಾಗಿಲಲ್ಲಿ ತಡೆಯಲ್ಪಟ್ಟವರಲ್ಲೂ ಆತ ಒಬ್ಬ. ಜನರನ್ನು ಕೂಡಿಸಿದವರೇ ಜನರ ಬಾಕಿ ಉಳಿಸಿಕೊಂಡಿದ್ದರು.

1936ರಲ್ಲಿ ಗರ್ನ್ಸ್‌ಬ್ಯಾಕ್ ತಮ್ಮ ಕಥಾಪತ್ರಿಕೆಯನ್ನು ಮಾರಿದರು. ಆದರೂ ಓದುಗರ ಕೂಟಗಳು ನಿಲ್ಲಲಿಲ್ಲ. 1952ರ ಚಿಕಾಗೋ ಸಮ್ಮೇಳನಕ್ಕೆ ಅವರನ್ನೇ ಗೌರವ ಅತಿಥಿಯಾಗಿ ಕರೆದರು. 1953ರಿಂದ ಸಮ್ಮೇಳನದಲ್ಲಿ ಕೊಡತೊಡಗಿದ ಪ್ರಶಸ್ತಿಗೆ ‘ಹ್ಯೂಗೊ’ ಎಂದು ಅವರದೇ ಹೆಸರು ನಿಂತಿತು. 1967ರ ಆಗಸ್ಟ್ 19ರಂದು ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಯುದ್ಧದ ವರ್ಷಗಳನ್ನು ಬಿಟ್ಟರೆ ವಿಶ್ವ ಸಮ್ಮೇಳನ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ.

ಈ ಮಹೋತ್ಸವದ ಪೂರ್ವಭಾವಿ ಸಭೆಗೆ ಬಂದಿದ್ದಾಗ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನ್ನ ಸಹಪಾಠಿಯೊಬ್ಬ ಸಿಕ್ಕಿದ. ಈಗ ಊರಲ್ಲೇ ವ್ಯವಸಾಯ ಮಾಡುತ್ತಾನೆ. ಹಳೆಯ ಬೀರುವಿನ ಮಾತು ಬಂತು. ಅದೇ ‘ಬಾಲ ವಿಜ್ಞಾನ’ವನ್ನು ಅವನೂ ಓದುತ್ತಿದ್ದನಂತೆ. ಯಾರಾದರೂ ನಗುತ್ತಾರೆಂದು ಹೇಳಿಕೊಂಡಿರಲಿಲ್ಲವಂತೆ. ಮೂರು ವರ್ಷ ಒಂದೇ ಕೊಠಡಿಯಲ್ಲಿ ಕೂತಿದ್ದೆವು. ಒಬ್ಬರಿಗೊಬ್ಬರು ಗೊತ್ತೇ ಆಗಲಿಲ್ಲ. ಆ ದಿನ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅದಕ್ಕೇ ಹಳೆಯ ವಿದ್ಯಾರ್ಥಿಗಳಲ್ಲಿ, ಗುರುಗಳಲ್ಲಿ ನನ್ನದೊಂದು ಅರಿಕೆ. ಈಗ ಓದುತ್ತಿರುವ ಮಕ್ಕಳಲ್ಲಿ ಯಾರಿಗೆ ಯಾವುದರಲ್ಲಿ ಆಸಕ್ತಿ ಎಂದು ಕೇಳಿ, ಅವರವರ ಹೆಸರನ್ನು ಶಾಲೆಯ ಗೋಡೆಯ ಹಲಗೆಯ ಮೇಲೆ ಬರೆದು ಹಾಕೋಣ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳಲಿ. ವಿಜ್ಞಾನ ಓದುವ ಮಕ್ಕಳ ಜೊತೆ ಕೂರಲು ತಿಂಗಳಿಗೊಂದು ಭಾನುವಾರ ನಾನು ಬರುತ್ತೇನೆ. ನನ್ನ ಸಹಪಾಠಿಯೂ ಬರುತ್ತೇನೆಂದು ಒಪ್ಪಿದ್ದಾನೆ.