ಬರಿಗಾಲಲ್ಲಿ ಬಂದ ಶುಭಸಂದೇಶ



ತಂಬ್ರಹಳ್ಳಿಯಂಥ ಒಂದು ಊರಿನಲ್ಲಿ ನಿಮ್ಮದೊಂದೇ ಕ್ರೈಸ್ತ ಮನೆ ಎಂದಿಟ್ಟುಕೊಳ್ಳಿ. ಪಕ್ಕದ ಮನೆಯವರು ವರ್ಷ ವರ್ಷ ಕೊಟ್ಟೂರು ತೇರಿಗೆ ನಡೆದು ಹೋಗುವವರು. ಹಬ್ಬಕ್ಕೆ ನಿಮ್ಮ ಮನೆಗೆ ಹೋಳಿಗೆ ಕಳಿಸುವವರು. ಕ್ರಿಸ್ಮಸ್ಸಿಗೆ ನೀವು ಕೊಟ್ಟ ಸಿಹಿಯನ್ನು ಸಂತೋಷದಿಂದ ತಿನ್ನುವವರು. ಒಂದು ಸಂಜೆ ಆ ಮನೆಯ ಅಜ್ಜಿ ನಿಮ್ಮ ಕಟ್ಟೆಯ ಮೇಲೆ ಕೂತು, ನೀವು ದಿನಾ ರಾತ್ರಿ ಮಣಿ ಎಣಿಸುತ್ತಾ ಏನು ಬೇಡಿಕೊಳ್ಳುತ್ತೀರಿ, ನಿಮ್ಮ ಯೇಸುಸ್ವಾಮಿ ಯಾರು ಎಂದು ಕೇಳಿದರೆ ನೀವು ಏನು ಹೇಳುತ್ತೀರಿ?

ಅನೇಕರು ನಕ್ಕು ಮಾತು ಬದಲಿಸುತ್ತೇವೆ. ಯಾರಾದರೂ ತಪ್ಪು ತಿಳಿದಾರು ಎಂಬ ಅಂಜಿಕೆ. ಇನ್ನು ಕೆಲವರು ಕೇಳಿದ್ದೇ ತಡ, ಅಜ್ಜಿಯ ದೇವರನ್ನು ಹಳಿಯಲು ಶುರುಮಾಡುತ್ತಾರೆ. ಮೊದಲನೆಯದರಲ್ಲಿ ವಿಶ್ವಾಸ ಬಾಯಿಗೆ ಬರುವುದಿಲ್ಲ, ಎರಡನೆಯದರಲ್ಲಿ ಪ್ರೀತಿ ಬಾಯಿಂದ ಹೊರಟು ಹೋಗುತ್ತದೆ. ಇವೆರಡಕ್ಕೂ ನಡುವೆ ಒಂದು ದಾರಿ ಇದೆ. ಆ ದಾರಿಯಲ್ಲಿ ನಡೆದು ತೋರಿಸಿದವರು ನಮ್ಮ ಕರ್ನಾಟಕದ ಮಣ್ಣನ್ನು ಬರಿಗಾಲಲ್ಲಿ ತುಳಿದ ಸಂತ ಜೋಸೆಫ್ ವಾಜ್. ಪ್ರತಿ ವರ್ಷ ಜನವರಿ 16ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. ಇಂದು ಅವರ ಬಾಳನ್ನು ನಿಮ್ಮ ಮನೆಮಂದಿಯೊಡನೆ ಕೂತು ಓದಿ.

ಮರಿಯಮ್ಮನವರ ದಾಸ

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವಾದ ಬೆನೌಲಿಮ್ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕ್ವಾಲೆ. ಮನೆತನ ಗೌರವಸ್ಥರದು, ಭಕ್ತರದು. ಬಾಲಕ ಜೋಸೆಫ್ ಓದಿನಲ್ಲೂ ಮುಂದು, ಪ್ರಾರ್ಥನೆಯಲ್ಲೂ ಮುಂದು. ಗೋವಾ ನಗರದಲ್ಲಿ ಉನ್ನತ ವ್ಯಾಸಂಗ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಬೇಗನೆ ಒಳ್ಳೆಯ ಬೋಧಕರೆಂದೂ ಪಾಪನಿವೇದನೆ ಕೇಳುವುದರಲ್ಲಿ ತಾಳ್ಮೆಯುಳ್ಳವರೆಂದೂ ಹೆಸರಾದರು. ಇಷ್ಟು ವಿದ್ಯೆ, ಇಷ್ಟು ಹೆಸರು ಇದ್ದವರಿಗೆ ಗೋವಾದಲ್ಲೇ ಸುಖವಾಗಿ ಇರಬಹುದಿತ್ತು.

ಆದರೆ 1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದು ಸಹಿ ಮಾಡಿದರು. ಅದರಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರಿಗೆ ದಾಸನಾಗಿ ಒಪ್ಪಿಸಿಕೊಂಡರು. ಆಗ ಅವರಿಗೆ 26 ವರ್ಷ. ಮುಂದೆ ಅವರ ಬಾಳಿನಲ್ಲಿ ನಡೆದುದೆಲ್ಲ ಈ ಒಂದು ಮಾತನ್ನು ನಡೆಸಿಕೊಟ್ಟ ಕಥೆಯೇ. ದಾಸನಿಗೆ ತನ್ನದೆಂಬ ಹಟವಿಲ್ಲ. ದಾಸನು ಯಜಮಾನನ ಹೆಸರಿನಲ್ಲಿ ಯಾರನ್ನೂ ಹೆದರಿಸುವುದಿಲ್ಲ.

ಕೆನರಾದ ಕುರಿಗಾಹಿ

1681ರಲ್ಲಿ ಅವರನ್ನು ನಮ್ಮ ಕರಾವಳಿಯ ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಆಗ ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ನಮ್ಮ ಭಾಗದ ಜನರಿಗೆ ಆಕೆಯ ಹೆಸರು ಹೊಸದಲ್ಲ. ಹೀಗೆ ವೀರಶೈವ ಅರಸು ಮನೆತನದ ನಾಡಿನಲ್ಲಿ, ಬೇರೆ ಬೇರೆ ಧರ್ಮದ ನೆರೆಹೊರೆಯ ನಡುವೆ ವಾಜ್ ಸ್ವಾಮಿಗಳು ಮೂರು ವರ್ಷ ದುಡಿದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಮುಂತಾದ ಕಡೆ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿ ಹೋದರು. ಬಿದ್ದ ದೇವಾಲಯಗಳನ್ನು ಎತ್ತಿಸಿದರು, ಮಕ್ಕಳಿಗೆ ಶಾಲೆಗಳನ್ನು ತೆರೆದರು. ಮುಡಿಪು ಗುಡ್ಡದಲ್ಲಿ ಅವರು ಪ್ರಾರ್ಥಿಸಿದ ಜಾಗದಲ್ಲಿ ನೀರು ಚಿಮ್ಮಿತೆಂದು ಜನ ನಂಬುತ್ತಾರೆ. ಅಲ್ಲಿ ಇಂದು ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಆದರೆ ಅಲ್ಲಿ ಅವರಿಗೆ ಎದುರಾದ ದೊಡ್ಡ ಕಷ್ಟ ಹೊರಗಿನವರಿಂದ ಬಂದುದಲ್ಲ, ನಮ್ಮವರಿಂದಲೇ ಬಂದುದು. ಆ ಕಾಲದಲ್ಲಿ ಕೆನರಾದ ಕ್ರೈಸ್ತರ ಮೇಲೆ ಅಧಿಕಾರ ಯಾರದು ಎಂಬ ಜಗಳ ನಡೆದಿತ್ತು. ಒಂದು ಕಡೆ ಪೋರ್ಚುಗೀಸ್ ರಾಜರ ಪೋಷಣೆಯಲ್ಲಿದ್ದ ಗೋವಾ ಮಹಾಧರ್ಮಪ್ರಾಂತ್ಯ. ಇನ್ನೊಂದು ಕಡೆ ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ. ಅವರೂ ಗೋವಾದವರೇ. ಜನ ಎರಡು ಪಂಗಡವಾಗಿ ಒಡೆದಿದ್ದರು. ವಾಜ್ ಗೋವಾದಿಂದ ಬಂದವರು, ಒಂದು ಪಂಗಡಕ್ಕೆ ನಾಯಕರಾಗಿ ನಿಲ್ಲಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡರು, ರಾಜಿಯ ದಾರಿ ಹುಡುಕಿದರು, ಜಗಳದ ಬಿಸಿಯನ್ನು ತಣಿಸಲು ಯತ್ನಿಸಿದರು.

ಪ್ರಿಯ ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ಲೆಕ್ಕಕ್ಕೆ, ಸಂಘದ ಪದವಿಗೆ, ಭಾಷೆಗೆ, ಜಾತಿಗೆ ನಡೆಯುವ ಜಗಳಗಳನ್ನು ಊರಿನವರು ಕಾಣುವುದಿಲ್ಲವೇ? ಭಾನುವಾರ ಬಲಿಪೂಜೆಯಲ್ಲಿ ಸಮಾಧಾನ ಹೇಳಿಕೊಂಡು ಹೊರಗೆ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಹೋದರೆ, ನಾವು ನೆರೆಯವರಿಗೆ ಸಾರುವ ಶುಭಸಂದೇಶ ಯಾವುದು? ನೆರೆಯ ಮನೆಗೆ ವಿಶ್ವಾಸ ಕೊಂಡೊಯ್ಯುವ ಮೊದಲು ನಮ್ಮ ಮನೆಯ ಮುರಿದ ಸಂಬಂಧ ಕಟ್ಟಬೇಕು. ವಾಜ್ ಸ್ವಾಮಿಗಳು ಕೆನರಾದಲ್ಲಿ ಕಲಿಸಿದ ಮೊದಲ ಪಾಠ ಇದು.

ಕೂಲಿಯ ವೇಷ, ಕೊರಳಲ್ಲಿ ಜಪಸರ

1684ರಲ್ಲಿ ಗೋವಾಕ್ಕೆ ಮರಳಿದ ವಾಜ್, 1685ರಲ್ಲಿ ಒಟ್ಟಾಗಿ ಬಾಳುತ್ತಿದ್ದ ಕೆಲವು ಗೋವಾ ಗುರುಗಳ ಜೊತೆ ಸೇರಿದರು. ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಅವರ ಒರೇಟರಿ ಸಭೆ ರೂಪುಗೊಂಡಿತು. ಆದರೆ ಅವರ ಮನಸ್ಸು ಸಿಂಹಳದ ಕಡೆ, ಅಂದರೆ ಇಂದಿನ ಶ್ರೀಲಂಕಾದ ಕಡೆ ಎಳೆಯುತ್ತಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿದ್ದರು. ಡಚ್ಚರು ಕಾಲ್ವಿನ್ ಪಂಥದ ಕ್ರೈಸ್ತರು. ಕಥೋಲಿಕ ಗುರುಗಳನ್ನು ಹೊರಗಟ್ಟಿ, ಬಲಿಪೂಜೆಯನ್ನು ನಿಷೇಧಿಸಿದ್ದರು. ಸುಮಾರು 30 ವರ್ಷ ಅಲ್ಲಿನ ಕಥೋಲಿಕರಿಗೆ ಗುರುಗಳಿರಲಿಲ್ಲ. ಮಕ್ಕಳು ಹುಟ್ಟಿ, ಮದುವೆಯಾಗಿ, ಅವರಿಗೂ ಮಕ್ಕಳಾದರೂ ಪರಮಪ್ರಸಾದವನ್ನು ಕಂಡಿರಲಿಲ್ಲ.

1686ರಲ್ಲಿ ವಾಜ್ ಹೊರಟರು. ಜಾನ್ ಎಂಬ ಸೇವಕ ಅವರ ಜೊತೆಗಾರ. ಕೆನರಾ ಹಾದು, ಕೇರಳದ ಕರಾವಳಿ ಹಾದು, ತೂತ್ತುಕುಡಿ ತಲುಪಿ, ಅಲ್ಲಿಂದ ಕೂಲಿಯ ವೇಷದಲ್ಲಿ ಸಮುದ್ರ ದಾಟಿ 1687ರಲ್ಲಿ ಜಾಫ್ನಾ ಸೇರಿದರು. ಸೇರುವಷ್ಟರಲ್ಲಿ ಭೇದಿಯಿಂದ ನಿತ್ರಾಣರಾಗಿದ್ದರು. ಒಬ್ಬ ಹೆಂಗಸು ಕರುಣೆಯಿಂದ ಕೊಟ್ಟ ಗಂಜಿ ಅವರ ಜೀವ ಉಳಿಸಿತು.

ಇದನ್ನು ಗಮನಿಸಿ. ಶುಭಸಂದೇಶ ಕೊಡಲು ಹೋದವರು ಮೊದಲು ಪಡೆದದ್ದು ಆ ನಾಡಿನ ಒಬ್ಬ ಬಡವಿಯ ಕೈ ಗಂಜಿಯನ್ನು. ನಾವು ಯಾವಾಗಲೂ ಕೊಡುವವರು, ನೆರೆಯವರು ಯಾವಾಗಲೂ ಪಡೆಯುವವರು ಎಂಬ ಭಾವ ನಮ್ಮಲ್ಲಿದ್ದರೆ ಅದು ವಾಜ್ ಸ್ವಾಮಿಗಳ ದಾರಿಯಲ್ಲ. ನೆರೆಮನೆಯ ಹೋಳಿಗೆಯನ್ನು ಸಂತೋಷದಿಂದ ಸ್ವೀಕರಿಸಲು ಬಾರದವನಿಗೆ ಯೇಸುಸ್ವಾಮಿಯ ಮಾತು ಹೇಳಲೂ ಬಾರದು.

ಚೇತರಿಸಿಕೊಂಡ ಮೇಲೆ ಅವರು ಭಿಕ್ಷುಕನಂತೆ ಮನೆಮನೆ ಅಲೆದರು. ಕೊರಳಲ್ಲಿ ಜಪಸರ ಕಾಣುವಂತೆ ಹಾಕಿಕೊಂಡರು. ಜಪಸರವನ್ನು ಕಂಡು ಯಾರ ಕಣ್ಣು ಅರಳಿತೋ ಆ ಮನೆ ಕಥೋಲಿಕರದು ಎಂದು ಗುರುತಿಸಿದರು. ತಮಿಳು ಕಲಿತರು, ಮುಂದೆ ಸಿಂಹಳ ಭಾಷೆಯನ್ನೂ ಕಲಿತರು. ರಾತ್ರಿಯ ಹೊತ್ತು ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ. ಬೆಳಗಾಗುವ ಮೊದಲು ಬೇರೆ ಊರು. ಡಚ್ಚರು ಹುಡುಕುತ್ತಲೇ ಇದ್ದರು.

ಕ್ಯಾಂಡಿಯ ಸೆರೆಮನೆ, ಸಿಡುಬಿನ ಬೀದಿ

1692ರಲ್ಲಿ ಅವರು ಒಳನಾಡಿನ ಕ್ಯಾಂಡಿಗೆ ಹೋದರು. ಅಲ್ಲಿ ಆಳುತ್ತಿದ್ದವನು ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ. ಪೋರ್ಚುಗೀಸರ ಗೂಢಚಾರನೆಂಬ ಚಾಡಿಮಾತು ಕೇಳಿ ಅರಸ ಅವರನ್ನು ಸೆರೆಗೆ ಹಾಕಿಸಿದ. ಸೆರೆಯಲ್ಲೇ ಪುಟ್ಟ ಪೀಠ ಮಾಡಿ ಬಲಿಪೂಜೆ ಅರ್ಪಿಸಿದರು. ಕಾಲ ಕಳೆದಂತೆ ಈ ಮನುಷ್ಯನಿಂದ ಯಾರಿಗೂ ಕೇಡಿಲ್ಲವೆಂದು ಅರಸನಿಗೆ ಮನದಟ್ಟಾಯಿತು. ಬಿಡುಗಡೆ ಸಿಕ್ಕಿತು. ಒಮ್ಮೆ ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂದು ಅವರ ಚರಿತ್ರೆ ಹೇಳುತ್ತದೆ. ಮಳೆಗಾಗಿ ಆಕಾಶ ನೋಡುವ ನಮ್ಮ ಸೀಮೆಯವರಿಗೆ ಆ ಕಥೆ ಇಷ್ಟವಾಗುವುದು ಸಹಜ.

ನನಗೆ ಮಾತ್ರ ಅದಕ್ಕಿಂತ ದೊಡ್ಡ ಪವಾಡವಾಗಿ ಕಾಣುವುದು 1697ರ ಘಟನೆ. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಶ್ರೀಮಂತರೂ ಊರು ಬಿಟ್ಟರು. ಸಿಡುಬು ಎದ್ದವರನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಬಂದರು. ವಾಜ್ ಸ್ವಾಮಿಗಳೂ ಅವರ ಬಂಧುವಾದ ಗುರು ಜೋಸೆಫ್ ಕರ್ವಾಲ್ಹೊ ಅವರೂ ಊರಲ್ಲೇ ಉಳಿದರು. ರೋಗಿಗಳನ್ನು ಹುಡುಕಿ ತಂದು ನೆರಳು ಮಾಡಿದರು, ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧರೋ ಕ್ರೈಸ್ತರೋ ಎಂದು ಕೇಳಲಿಲ್ಲ. ಜಾಫ್ನಾದಲ್ಲಿ ತಾವು ಕುಡಿದ ಗಂಜಿಯ ಋಣವನ್ನು ಅವರು ಕ್ಯಾಂಡಿಯಲ್ಲಿ ತೀರಿಸಿದಂತಿತ್ತು.

ಗುರುಮಠದಲ್ಲಿ ನಾನೂ ದರ್ಶನಶಾಸ್ತ್ರ ಓದಿದವನು. ದೇವರಿದ್ದಾನೆಂದು ತೋರಿಸಲು ಸಂತ ತೋಮಸ್ ಅಕ್ವಿನಾಸರು ಕೊಟ್ಟ ಐದು ವಾದಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ. ಅವು ಬೆಲೆಯುಳ್ಳವೇ. ಆದರೆ ಸಿಡುಬಿನ ಹುಣ್ಣು ತೊಳೆಯುವ ಕೈಯನ್ನು ಕಂಡವನು, ಈ ಕೈಗೆ ಈ ಧೈರ್ಯ ಕೊಟ್ಟವರು ಯಾರು ಎಂದು ತಾನಾಗಿಯೇ ಕೇಳುತ್ತಾನೆ. ಆ ಪ್ರಶ್ನೆ ಹುಟ್ಟಿದ ಮೇಲೆ ಹೇಳುವ ಉತ್ತರಕ್ಕೆ ತೂಕ ಬರುತ್ತದೆ.

ಹಾಗೆಂದು ವಾಜ್ ಸ್ವಾಮಿಗಳು ಬರೀ ಸೇವೆ ಮಾಡಿ ಬಾಯಿ ಮುಚ್ಚಿ ಕೂತವರಲ್ಲ. ಕೇಳಿದವರಿಗೆ ಯೇಸುವಿನ ಹೆಸರನ್ನು ಸ್ಪಷ್ಟವಾಗಿ ಹೇಳಿದರು, ಅವರ ಭಾಷೆಯಲ್ಲೇ ಕಲಿಸಿದರು. ಗುರುಗಳಿಲ್ಲದ ಊರುಗಳಲ್ಲಿ ಪ್ರಾರ್ಥನೆ ನಡೆಸಲು ಗೃಹಸ್ಥರನ್ನೇ ಮುಖಂಡರನ್ನಾಗಿ, ಉಪದೇಶಿಗಳನ್ನಾಗಿ ತಯಾರು ಮಾಡಿದರು. 1705ರಲ್ಲಿ ಬಂದ ಗುರು ಜಾಕೊಮೆ ಗೊನ್ಸಾಲ್ವೆಸ್ ಅವರು ಸಿಂಹಳ ಮತ್ತು ತಮಿಳಿನಲ್ಲಿ ಪುಸ್ತಕಗಳನ್ನೇ ಬರೆದರು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ವಾಜ್ ಬೇಡವೆಂದರು. ಒಮ್ಮೆಯೂ ಗೋವಾಕ್ಕೆ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೇವರ ಪಾದ ಸೇರಿದರು. ಆಗ ಅವರಿಗೆ ಅರವತ್ತೂ ತುಂಬಿರಲಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ನೀಡಿದರು. ಅವರ ಸಮಾಧಿ ಎಲ್ಲಿದೆಯೆಂದು ಇಂದು ಗುರುತಿಲ್ಲ. ಆದರೆ ಅವರು ಕಟ್ಟಿದ ಸಭೆ ಉಳಿದಿದೆ.

ನಮ್ಮ ಕಟ್ಟೆಯ ಮೇಲೆ

ಈಗ ಮತ್ತೆ ಆ ಅಜ್ಜಿಯ ಬಳಿಗೆ ಬರೋಣ. ಯಾರನ್ನೂ ಬಲವಂತದಿಂದಾಗಲಿ, ಆಮಿಷದಿಂದಾಗಲಿ, ಕುಯುಕ್ತಿಯಿಂದಾಗಲಿ ವಿಶ್ವಾಸಕ್ಕೆ ಎಳೆಯಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ಬೋಧಿಸಿದೆ. ಇದು ಸರ್ಕಾರಕ್ಕೆ ಹೆದರಿ ಹೇಳಿದ ಮಾತಲ್ಲ. ಮನುಷ್ಯನ ಮನಸ್ಸಾಕ್ಷಿಗೆ ದೇವರೇ ಕೊಟ್ಟ ಗೌರವವಿದು. ಅಕ್ಕಿ ಮೂಟೆ ತೋರಿಸಿ ಕೊಂಡ ವಿಶ್ವಾಸ ಅಕ್ಕಿ ಮುಗಿದ ದಿನ ಮುಗಿಯುತ್ತದೆ. ಆದರೆ ಕೇಳಿದವರಿಗೆ ನಮ್ಮ ಭರವಸೆಯ ಕಾರಣವನ್ನು ವಿನಯದಿಂದ ಹೇಳಲು ಸಿದ್ಧರಿರಬೇಕೆಂದು ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಬರೆದದ್ದೂ ನಮಗೇ. ಅಂಜಿ ಮುಚ್ಚಿಡುವುದೂ ಸರಿಯಲ್ಲ.

ಆದ್ದರಿಂದ ಅಜ್ಜಿ ಕೇಳಿದರೆ ನಿಮ್ಮ ಬಾಳಿನ ಮಾತನ್ನೇ ಹೇಳಿ. ಮಗುವಿಗೆ ಜ್ವರ ಬಂದ ರಾತ್ರಿ ಮರಿಯಮ್ಮನವರ ಕೈ ಹಿಡಿದು ಕಳೆದುದನ್ನು ಹೇಳಿ. ಶಿಲುಬೆಯ ಮೇಲೆ ತನ್ನನ್ನು ಕೊಂದವರನ್ನೂ ಕ್ಷಮಿಸಿದ ಸ್ವಾಮಿಯ ಕಥೆ ಹೇಳಿ. ಆಕೆಯ ದೇವರ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ಆಮೇಲೆ ಆಕೆಯ ಮಾತನ್ನೂ ಕಿವಿಗೊಟ್ಟು ಕೇಳಿ. ಆಕೆ ಹಾಸಿಗೆ ಹಿಡಿದ ದಿನ ಗಂಜಿ ಕಾಸಿಕೊಂಡು ಹೋಗುವವರು ನೀವೇ ಆಗಿರಲಿ. ಉಳಿದದ್ದು ಪವಿತ್ರಾತ್ಮರ ಕೆಲಸ.

ಈ ವಾರ ಸಂಜೆಯ ಜಪಸರದಲ್ಲಿ ನಿಮ್ಮ ಅಕ್ಕಪಕ್ಕದ ಒಂದು ಮನೆಯ ಹೆಸರು ಹೇಳಿ ಪ್ರಾರ್ಥಿಸಿ. ನಿಮ್ಮ ಮನೆಯೊಳಗೆ ಮಾತು ಬಿಟ್ಟವರಿದ್ದರೆ ಮೊದಲು ಅವರನ್ನು ಮಾತಾಡಿಸಿ. ಸಂತ ಜೋಸೆಫ್ ವಾಜರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.