ಅಗೋಪ್ ದಿಲಾಚಾರ್: ಹೆಸರು ಮತ್ತು ಪ್ರತ್ಯಯ

ಆಧುನಿಕ ತುರ್ಕಿ ಭಾಷೆಯ ಅಧ್ಯಯನ ಚರಿತ್ರೆಯಲ್ಲಿ ಅಗೋಪ್ ದಿಲಾಚಾರ್ ಅವರ ಸ್ಥಾನ ವಿಶಿಷ್ಟವಾದುದು. 1895ರಲ್ಲಿ ಇಸ್ತಾಂಬುಲಿನ ಅರ್ಮೇನಿಯನ್ ಕುಟುಂಬವೊಂದರಲ್ಲಿ ಜನಿಸಿದ ಇವರ ಮೂಲ ಹೆಸರು ಹಾಗೋಪ್ ಮಾರ್ತಾಯಾನ್. ರಾಬರ್ಟ್ ಕಾಲೇಜಿನಲ್ಲಿ ಓದಿ, ಮೊದಲನೆಯ ಮಹಾಯುದ್ಧದಲ್ಲಿ ಉಸ್ಮಾನಿ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. 1915ರಿಂದ ಅರ್ಮೇನಿಯನ್ನರು ಅಪಾರ ಸಂಖ್ಯೆಯಲ್ಲಿ ಹತರಾದ, ಗಡೀಪಾರಾದ ವರ್ಷಗಳೂ ಅವೇ ಎಂಬುದನ್ನು ಬಿಟ್ಟು ಇವರ ಜೀವನವನ್ನು ಗ್ರಹಿಸಲಾಗದು.

ಯುದ್ಧಕಾಲದಲ್ಲಿ ಬಂಧಿತರಾಗಿ ದಮಾಸ್ಕಸ್ಸಿನಲ್ಲಿ ಮುಸ್ತಫಾ ಕೆಮಾಲರ ಎದುರು ನಿಂತಾಗ, ಹಂಗೇರಿಯ ವಿದ್ವಾಂಸ ನೇಮೆತ್ ರಚಿಸಿದ ತುರ್ಕಿ ವ್ಯಾಕರಣವೊಂದು ಇವರ ಬಳಿ ಇತ್ತೆಂಬ ಕಥನ ಪ್ರಚಲಿತವಾಗಿದೆ. ಅದು ಲ್ಯಾಟಿನ್ ಲಿಪಿಯನ್ನು ಬಳಸಿದ ಕೃತಿ. ತುರ್ಕಿಯ ಎಂಟು ಸ್ವರಗಳಿಗೆ ಅರಬ್ಬಿ ಲಿಪಿ ಸಾಲದು. ಧಾತುವಿನ ಸ್ವರಕ್ಕೆ ಹೊಂದಿಕೊಂಡು ಬದಲಾಗುವ ಪ್ರತ್ಯಯಗಳ ರೂಪಭೇದ ಆ ಬರವಣಿಗೆಯಲ್ಲಿ ಬಹುಮಟ್ಟಿಗೆ ಮರೆಯಾಗುತ್ತಿತ್ತು. 1928ರ ಲಿಪಿ ಸುಧಾರಣೆಯ ಹಿಂದೆ ಈ ವ್ಯಾಕರಣದ ಕಾರಣವೂ ಇತ್ತೆಂಬುದನ್ನು ಗಮನಿಸಬೇಕು.

ಮುಂದೆ ಬೈರೂತ್ ಮತ್ತು ಸೋಫಿಯಾಗಳಲ್ಲಿ ನೆಲೆಸಿದ್ದ ಇವರಿಗೆ 1932ರ ಮೊದಲ ತುರ್ಕಿ ಭಾಷಾ ಸಮ್ಮೇಳನಕ್ಕೆ ಆಹ್ವಾನ ಬಂದಿತು. ಬಳಿಕ ತುರ್ಕಿ ಭಾಷಾ ಸಂಸ್ಥೆಯ ಪ್ರಮುಖ ತಜ್ಞರಾದರು. 1934ರ ಕುಲನಾಮ ಕಾಯಿದೆಯ ತರುವಾಯ ಅತಾತುರ್ಕರಿಂದ ದೊರೆತ ಹೆಸರೇ ದಿಲಾಚಾರ್. ‘ದಿಲ್’ ಎಂದರೆ ಭಾಷೆ, ‘ಆಚ್’ ತೆರೆ ಎಂಬ ಧಾತು, ‘ಆರ್’ ಕೃತ್ಪ್ರತ್ಯಯ. ಭಾಷೆಯನ್ನು ತೆರೆಯುವವನು ಎಂಬ ಇಡೀ ವಾಕ್ಯವೇ ಇಲ್ಲಿ ಒಂದು ನಾಮಪದವಾಗಿದೆ.

ತುರ್ಕಿಯ ನಾಮೋಪವಾಕ್ಯ ಕಟ್ಟಿಕೊಳ್ಳುವುದೂ ಪ್ರತ್ಯಯದ ಈ ಬಲದಿಂದಲೇ. ‘ಒನುನ್ ಗೆಲ್ದಿಯಿನಿ ಬಿಲಿಯೊರುಮ್’ ಎಂದರೆ ಅವನು ಬಂದುದನ್ನು ಬಲ್ಲೆ ಎಂದರ್ಥ. ‘ಗೆಲ್’ (ಬಾ) ಧಾತುವಿಗೆ ‘ದಿಕ್’ ಸೇರಿ, ಅದರ ಮೇಲೆ ‘ಅವನ’ ಎಂಬರ್ಥದ ಸ್ವಾಮ್ಯಸೂಚಕವೂ ಕೊನೆಗೆ ದ್ವಿತೀಯಾ ವಿಭಕ್ತಿಯೂ ಬರುತ್ತವೆ. ‘ದಿಕ್’ನ ಕೊನೆಯ ವ್ಯಂಜನ ಸ್ವರದ ಮುಂದೆ ಸಡಿಲಗೊಳ್ಳುತ್ತದೆ. ‘ಬಂದುದನ್ನು’ ಎಂಬ ಕನ್ನಡ ರೂಪಕ್ಕೆ ಇದು ಹತ್ತಿರ. ಆದರೆ ಕನ್ನಡದಲ್ಲಿ ಕರ್ತೃ ‘ಅವನು’ ಎಂದೇ ಉಳಿದರೆ ತುರ್ಕಿಯಲ್ಲಿ ಷಷ್ಠಿಗೆ ತಿರುಗುತ್ತದೆ. ‘ದಿಕ್’ ಬದಲು ‘ಮೆ’ ಬಂದು ‘ಗೆಲ್ಮೆಸಿನಿ’ ಎಂದಾದರೆ, ಅದು ನಡೆದ ಸಂಗತಿಯನ್ನಲ್ಲ, ಬಯಸುವ ಅಥವಾ ಅಪೇಕ್ಷಿಸುವ ಕ್ರಿಯೆಯನ್ನು ಹೇಳಬಲ್ಲದು. ಪಾರಸಿಯಿಂದ ಬಂದ ‘ಕಿ’ ಉಪವಾಕ್ಯವನ್ನು ಮುಖ್ಯ ಕ್ರಿಯೆಯ ನಂತರ ಇರಿಸುತ್ತದೆ. ದೇಶೀಯವಾದ ‘ದಿಯೆ’ ಮಾತ್ರ ನಮ್ಮ ‘ಎಂದು’ವಿನಂತೆ ಹೇಳು ಎಂಬ ಧಾತುವಿನಿಂದಲೇ ಹುಟ್ಟಿದೆ.

1936ರಿಂದ 1951ರವರೆಗೆ ದಿಲಾಚಾರ್ ಅಂಕಾರಾದಲ್ಲಿ ಭಾಷಾವಿಜ್ಞಾನವನ್ನು ಬೋಧಿಸಿದರು. ಎಲ್ಲ ಭಾಷೆಗಳಿಗೂ ತುರ್ಕಿಯೇ ಮೂಲವೆಂದ ಸೂರ್ಯಭಾಷಾ ಸಿದ್ಧಾಂತದ ಪರವಾಗಿಯೂ ಆ ಕಾಲದಲ್ಲಿ ಬರೆದರು. ಆ ಬರಹಕ್ಕೆ ಈಗ ಶಾಸ್ತ್ರೀಯ ಬೆಲೆಯಿಲ್ಲ. ಅವರ ನಿಜವಾದ ಸಾಧನೆಯನ್ನು 1964ರ ‘ತುರ್ಕಿ ಭಾಷೆಯ ಸಾಮಾನ್ಯ ಅವಲೋಕನ’, 1968ರ ‘ಭಾಷೆ, ಭಾಷೆಗಳು ಮತ್ತು ಭಾಷಾಶಾಸ್ತ್ರ’ ಎಂಬರ್ಥದ ಕೃತಿಗಳಲ್ಲಿ ಕಾಣಬೇಕು. ಈ ಗ್ರಂಥಗಳ ಮೇಲೆ ಅಚ್ಚಾದುದು ‘ಎ. ದಿಲಾಚಾರ್’ ಎಂದು. ಅತಾತುರ್ಕರು ಕೊಟ್ಟ ಹೆಸರು ಪೂರ್ಣವಾಗಿದೆ. ಹುಟ್ಟಿನಿಂದ ಬಂದ ಹೆಸರು ಒಂದಕ್ಷರಕ್ಕೆ ಇಳಿದಿದೆ. 1979ರ ಸೆಪ್ಟೆಂಬರ್ 12ರಂದು ಇಸ್ತಾಂಬುಲಿನಲ್ಲಿ ಅವರು ನಿಧನರಾದರು.